ಭೂಸ್ಥಿರ ಕಕ್ಷೆಯ ಹಾದಿ: ರಾಕೆಟ್ಟಿನಿಂದ ಬೇರ್ಪಟ್ಟ ಮೇಲೆ

ಮಾನ್ಯ ಸಭಿಕರೆ,

ಸಂಪರ್ಕ ಉಪಗ್ರಹವೊಂದರ ಉಡಾವಣೆ ನಮಗೆ ಸಾಮಾನ್ಯವಾಗಿ ಅರ್ಧ ಗಂಟೆಯ ಘಟನೆಯಾಗಿ ಕಾಣುತ್ತದೆ. ರಾಕೆಟ್ ಮೇಲೇರುತ್ತದೆ, ಅದರ ಹಂತಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ, ಉಪಗ್ರಹ ಬೇರ್ಪಟ್ಟಿತೆಂಬ ಘೋಷಣೆಯಾಗುತ್ತಲೇ ನಿಯಂತ್ರಣ ಕೊಠಡಿಯಲ್ಲಿ ಚಪ್ಪಾಳೆ ಕೇಳಿಸುತ್ತದೆ. ಆದರೆ ಹೆಚ್ಚಿನ ಉಡಾವಣೆಗಳಲ್ಲಿ ಆ ಹೊತ್ತಿಗೆ ಉಪಗ್ರಹ ತನ್ನ ನೆಲೆಯನ್ನು ಸೇರಿರುವುದಿಲ್ಲ. ಉಳಿದ ಹಾದಿಯನ್ನು ಅದು ತನ್ನದೇ ಎಂಜಿನ್ನಿನಿಂದ, ತಾನೇ ಹೊತ್ತೊಯ್ದ ಇಂಧನದಿಂದ ಕ್ರಮಿಸಬೇಕು. ಮುಂದೆ ಹದಿನೈದು ವರ್ಷಗಳ ಕಾಲ ಅದನ್ನು ಕೆಲಸದಲ್ಲಿ ಇಡಬೇಕಾದದ್ದೂ ಅದೇ ಇಂಧನ. ಹಾದಿಯಲ್ಲಿ ಖರ್ಚಾದದ್ದು ಆಯುಷ್ಯದಲ್ಲಿ ಕಳೆಯುತ್ತದೆ ಎಂಬ ಈ ಲೆಕ್ಕವನ್ನೇ ಇಂದು ತಮ್ಮ ಮುಂದೆ ಬಿಡಿಸಿಡಲು ಬಯಸುತ್ತೇನೆ.

ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 3.07 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುವ ಉಪಗ್ರಹವು 23 ಗಂಟೆ 56 ನಿಮಿಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗುವ ಕಾಲವೂ ಇಷ್ಟೇ ಆದ್ದರಿಂದ ನೆಲದಿಂದ ನೋಡಿದರೆ ಅದು ನಿಂತಲ್ಲೇ ನಿಂತಿರುತ್ತದೆ. ಈ ಭೂಸ್ಥಿರ ಕಕ್ಷೆಯಿಂದ ಇಡೀ ಜಗತ್ತಿಗೆ ಸಂಪರ್ಕ ಕಲ್ಪಿಸಬಹುದೆಂದು ಲೇಖಕ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿಯೇ ವಿವರಿಸಿದ್ದರು. 1964ರಲ್ಲಿ ಸಿಂಕಾಮ್ 3 ಅಲ್ಲಿ ನೆಲೆನಿಂತ ಮೊದಲ ಉಪಗ್ರಹವಾಯಿತು. ಎತ್ತರ ಸರಿಯಾಗಿದ್ದರೆ ಸಾಲದು, ಕಕ್ಷೆ ವೃತ್ತಾಕಾರವಾಗಿರಬೇಕು ಮತ್ತು ಸಮಭಾಜಕದ ಸಮತಲದಲ್ಲಿಯೇ ಇರಬೇಕು. ಜನಪ್ರಿಯ ವಿವರಣೆಗಳು ಎತ್ತರದ ಬಗ್ಗೆ ಧಾರಾಳವಾಗಿ ಮಾತನಾಡುತ್ತವೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದದ್ದು ಸಮತಲದ ಪ್ರಶ್ನೆ.

ರಾಕೆಟ್ ಉಪಗ್ರಹವನ್ನು ಮೊದಲು ಉದ್ದನೆಯ ಅಂಡಾಕಾರದ ವರ್ಗಾವಣಾ ಕಕ್ಷೆಯಲ್ಲಿ ಬಿಡುತ್ತದೆ. ಅದರ ಸಮೀಪಬಿಂದು ನೆಲದಿಂದ ಕೆಲವು ನೂರು ಕಿ.ಮೀ. ಮೇಲಿದ್ದರೆ, ದೂರಬಿಂದು ಭೂಸ್ಥಿರ ಕಕ್ಷೆಯ ಎತ್ತರವನ್ನು ಮುಟ್ಟುತ್ತದೆ. ಸಮೀಪಬಿಂದುವಿನಲ್ಲಿ ಸೆಕೆಂಡಿಗೆ 10 ಕಿ.ಮೀ.ಗೂ ಮಿಕ್ಕಿದ ವೇಗವಿದ್ದ ಉಪಗ್ರಹ ಮೇಲೇರುತ್ತ ಏರುತ್ತ ನಿಧಾನವಾಗಿ, ದೂರಬಿಂದುವಿನಲ್ಲಿ ಕೇವಲ 1.6 ಕಿ.ಮೀ. ವೇಗಕ್ಕೆ ಇಳಿದಿರುತ್ತದೆ. ಅಲ್ಲಿ ಎಂಜಿನ್ ಹೊತ್ತಿಸಿ, ಸಾಮಾನ್ಯವಾಗಿ ಹಲವು ಸುತ್ತುಗಳಲ್ಲಿ ಹಂತಹಂತವಾಗಿ, ಕೊರತೆಯಾದ ವೇಗವನ್ನು ತುಂಬಿಕೊಡಬೇಕು. ಸಮಭಾಜಕದ ಸಮತಲಕ್ಕೆ ಕಕ್ಷೆ ವಾಲಿರುವ ಕೋನವನ್ನು, ಅಂದರೆ ಅದರ ಓರೆಯನ್ನು, ತಿದ್ದುವುದೂ ಇದೇ ಸಂದರ್ಭದಲ್ಲಿ, ಏಕೆಂದರೆ ಚಲನೆಯ ದಿಕ್ಕನ್ನು ಬದಲಿಸಲು ಬೇಕಾಗುವ ಶ್ರಮ ವೇಗ ಕಡಿಮೆಯಿದ್ದಷ್ಟೂ ಕಡಿಮೆ.

ಈ ಓರೆ ಎಲ್ಲಿಂದ ಬರುತ್ತದೆ? ನೇರ ಪೂರ್ವಕ್ಕೆ ಹಾರಿದ ರಾಕೆಟ್ಟಿನ ಕಕ್ಷೆಯು ಉಡಾವಣಾ ನೆಲೆಯ ಅಕ್ಷಾಂಶದಷ್ಟೇ ಓರೆಯಾಗಿರುತ್ತದೆ. ಸಮಭಾಜಕದಿಂದ ಸುಮಾರು 5 ಡಿಗ್ರಿ ಉತ್ತರಕ್ಕಿರುವ, ಫ್ರೆಂಚ್ ಗಯಾನಾದ ಕೂರೂ ಉಡಾವಣಾ ನೆಲೆಯಿಂದ ಹೊರಟ ಉಪಗ್ರಹ ವರ್ಗಾವಣಾ ಕಕ್ಷೆಯಿಂದ ಭೂಸ್ಥಿರ ಕಕ್ಷೆಗೆ ಬರಲು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗಬದಲಾವಣೆಯನ್ನು ಸಾಧಿಸಬೇಕು, 28.5 ಡಿಗ್ರಿಯಲ್ಲಿರುವ ಅಮೆರಿಕದ ಕೇಪ್ ಕೆನವೆರಲ್‌ನಿಂದಾದರೆ ಸುಮಾರು 1,800 ಮೀಟರ್. ನಡುವಿನ 300 ಮೀಟರ್ ಅಲ್ಪವೆಂದು ತೋರಬಹುದು. ಆದರೆ ಸೂರ್ಯ ಚಂದ್ರರ ಸೆಳೆತದಿಂದ ಕಕ್ಷೆ ಮತ್ತೆ ಓರೆಯಾಗದಂತೆ ತಡೆಯಲು ಉಪಗ್ರಹಕ್ಕೆ ಇಡೀ ವರ್ಷಕ್ಕೆ ಬೇಕಾಗುವುದು ಸೆಕೆಂಡಿಗೆ ಸುಮಾರು 50 ಮೀಟರ್ ವೇಗಬದಲಾವಣೆ ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಆ ವ್ಯತ್ಯಾಸ ಆರು ವರ್ಷಗಳ ನಿರ್ವಹಣೆಗೆ ಸಮ ಎಂಬುದು ತಿಳಿಯುತ್ತದೆ. ಆದ್ದರಿಂದಲೇ ಕೆಲವು ಉಡಾವಣೆಗಳಲ್ಲಿ ದೂರಬಿಂದುವನ್ನು ಬೇಕೆಂದೇ ಭೂಸ್ಥಿರ ಎತ್ತರಕ್ಕಿಂತ ಬಹಳ ಮೇಲಕ್ಕೆ ಒಯ್ದು, ಅಲ್ಲಿನ ಇನ್ನೂ ಮಂದವಾದ ವೇಗದಲ್ಲಿ ಓರೆಯನ್ನು ತಿದ್ದುತ್ತಾರೆ.

ಇದೇ ತತ್ತ್ವವನ್ನು ಅದರ ತುದಿಯವರೆಗೆ ಒಯ್ದ ಪ್ರಸಂಗವೊಂದಿದೆ. 1997ರ ಡಿಸೆಂಬರಿನಲ್ಲಿ ಕಜಕಸ್ತಾನದ ಬೈಕನೂರಿನಿಂದ ರಷ್ಯಾದ ಪ್ರೋಟಾನ್ ರಾಕೆಟ್ಟಿನ ಮೇಲೆ ಹೊರಟ ಏಷ್ಯಾಸ್ಯಾಟ್ 3 ಉಪಗ್ರಹ, ಕೊನೆಯ ಹಂತದ ಎಂಜಿನ್ ಅಕಾಲದಲ್ಲಿ ನಿಂತದ್ದರಿಂದ 50 ಡಿಗ್ರಿಗೂ ಹೆಚ್ಚು ಓರೆಯಾದ ಅಂಡಾಕಾರದ ಕಕ್ಷೆಯಲ್ಲಿ ಉಳಿದುಬಿಟ್ಟಿತು. ಅಷ್ಟು ಓರೆಯನ್ನು ನೇರವಾಗಿ ತಿದ್ದಲು ಅದರಲ್ಲಿದ್ದ ಇಂಧನ ಸಾಲುತ್ತಿರಲಿಲ್ಲವಾಗಿ ವಿಮೆದಾರರು ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸಿದರು. ಉಪಗ್ರಹವನ್ನು ನಿರ್ಮಿಸಿದ್ದ ಹ್ಯೂಸ್ ಸಂಸ್ಥೆ ಅದನ್ನು ವಹಿಸಿಕೊಂಡು, ದೂರಬಿಂದುವನ್ನು ಹಂತಹಂತವಾಗಿ ಚಂದ್ರನವರೆಗೂ ಏರಿಸಿ, 1998ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಎರಡು ಬಾರಿ ಚಂದ್ರನ ಸುತ್ತ ಹಾಯಿಸಿತು. ಉಪಗ್ರಹದ ಇಂಧನ ಮಾಡಲಾಗದ ತಿರುವನ್ನು ಚಂದ್ರನ ಗುರುತ್ವ ಮಾಡಿಕೊಟ್ಟಿತು. ಓರೆ ಪೂರ್ತಿಯಾಗಿ ಹೋಗಲಿಲ್ಲವಾದರೂ ಉಪಗ್ರಹ ಬಳಕೆಗೆ ಬಂತು. ಕಕ್ಷಾಗಣಿತದ ಇತಿಹಾಸದಲ್ಲಿ ಇಷ್ಟು ಧೈರ್ಯದ ಪ್ರಯೋಗಗಳು ಹೆಚ್ಚಿಲ್ಲವೆಂದು ನಾನು ಭಾವಿಸುತ್ತೇನೆ.

ಇಂಥ ಇನ್ನೊಂದು ಪ್ರಸಂಗದಲ್ಲಿ, 2001ರಲ್ಲಿ ಏರಿಯಾನ್ 5 ರಾಕೆಟ್ಟಿನ ಮೇಲಿನ ಹಂತದ ದೋಷದಿಂದ ಯುರೋಪಿನ ಆರ್ಟೆಮಿಸ್ ಉಪಗ್ರಹದ ದೂರಬಿಂದು ಕೇವಲ 17,500 ಕಿ.ಮೀ. ಆಸುಪಾಸಿನಲ್ಲಿ ನಿಂತಿತು. ರಾಸಾಯನಿಕ ಇಂಧನವನ್ನು ಸುಮಾರು 31,000 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆಗೆ ಏರಲು ವೆಚ್ಚ ಮಾಡಿದ ಮೇಲೆ, ನೆಲೆಯಲ್ಲಿ ಉತ್ತರ ದಕ್ಷಿಣದ ಸಣ್ಣ ತಿದ್ದುಪಡಿಗಳಿಗೆಂದು ಇಟ್ಟಿದ್ದ ಅಯಾನ್ ಎಂಜಿನ್ನುಗಳು (ವಿದ್ಯುದಾವೇಶದ ಕಣಗಳನ್ನು ವಿದ್ಯುತ್ತಿನ ಬಲದಿಂದ ಹೊರಚಿಮ್ಮಿಸುವ, ಮಂದ ತಳ್ಳುವಿಕೆಯ ಎಂಜಿನ್ನುಗಳು) ಅದನ್ನು ದಿನಕ್ಕೆ ಸುಮಾರು 15 ಕಿ.ಮೀ.ನಂತೆ ಮೇಲೆತ್ತಿ, 2003ರ ಆರಂಭದಲ್ಲಿ ನೆಲೆ ಮುಟ್ಟಿಸಿದವು. ಅಂದು ಅನಿವಾರ್ಯವಾಗಿ ಹಿಡಿದ ದಾರಿ ಇಂದು ಯೋಜನೆಯ ಭಾಗವೇ ಆಗಿದೆ: ಎತ್ತರ ಏರುವುದಕ್ಕೂ ವಿದ್ಯುತ್ ಎಂಜಿನ್ನನ್ನೇ ನಂಬಿದ ಉಪಗ್ರಹಗಳು 2015ರಿಂದ ಹಾರುತ್ತಿವೆ. ಇಂಧನದ ತೂಕ ಬಹಳಷ್ಟು ಉಳಿಯುತ್ತದೆ, ಆದರೆ ದಿನಗಳ ಪಯಣ ತಿಂಗಳುಗಳಾಗುತ್ತದೆ, ಮತ್ತು ಅಷ್ಟೂ ಕಾಲ ಭೂಮಿಯನ್ನು ಸುತ್ತುವರಿದ ವಾನ್ ಅಲನ್ ವಲಯಗಳ ವಿಕಿರಣವನ್ನು ಪದೇಪದೇ ಹಾದು ಸೌರಫಲಕಗಳು ಸವೆಯುತ್ತವೆ.

ಕಕ್ಷೆ ಸೇರಿದ ಉಪಗ್ರಹವನ್ನು ಅದಕ್ಕೆ ಹಂಚಿಕೆಯಾದ ರೇಖಾಂಶದತ್ತ ಮೆಲ್ಲಗೆ ಜಾರಿಸಿ ನಿಲ್ಲಿಸುತ್ತಾರೆ. ಅಲ್ಲಿ ಡಿಗ್ರಿಯ ಹತ್ತನೆಯ ಒಂದು ಭಾಗವೆಂದರೂ 70 ಕಿ.ಮೀ.ಗಿಂತ ಹೆಚ್ಚಿನ ದೂರ. ಅಷ್ಟರೊಳಗೇ ಅದನ್ನು ವರ್ಷಗಟ್ಟಲೆ ಹಿಡಿದಿಡಬೇಕು.

ಮತ್ತೊಂದು ಖರ್ಚನ್ನು ಉಡಾವಣೆಗೆ ಮುಂಚೆಯೇ ಎತ್ತಿಡಬೇಕಾಗುತ್ತದೆ. ಅವಧಿ ಮುಗಿದ ಉಪಗ್ರಹ ಇತರರಿಗೆ ಅಡ್ಡಿಯಾಗದಂತೆ ಸುಮಾರು 300 ಕಿ.ಮೀ. ಮೇಲಿನ ಕಕ್ಷೆಗೆ ಸರಿಯಬೇಕು. ಇದಕ್ಕೆ ಬೇಕಾದದ್ದು ಸೆಕೆಂಡಿಗೆ ಸುಮಾರು 11 ಮೀಟರ್ ವೇಗ, ಅಂದರೆ ಎರಡು ಮೂರು ತಿಂಗಳ ನಿರ್ವಹಣೆಯ ಇಂಧನ. ತೂಕವೇ ಇಲ್ಲದ ಸ್ಥಿತಿಯಲ್ಲಿ ತೊಟ್ಟಿಯಲ್ಲಿ ಎಷ್ಟು ಉಳಿದಿದೆಯೆಂದು ನಿಖರವಾಗಿ ಅಳೆಯುವುದು ಬಹಳ ಕಷ್ಟವಾದ್ದರಿಂದ, ಇನ್ನೂ ಚೆನ್ನಾಗಿ ದುಡಿಯುತ್ತಿರುವ ಉಪಗ್ರಹವನ್ನು ಅಂದಾಜಿನ ಮೇಲೆಯೇ ಕೆಲಸದಿಂದ ಬಿಡಿಸಬೇಕಾದ ನಿರ್ಧಾರವನ್ನು ಅದರ ನಿರ್ವಾಹಕರು ತೆಗೆದುಕೊಳ್ಳಬೇಕಾಗುತ್ತದೆ.