ಕಲ್ಲು ನೋಡಿ ಕಾಯಿಲೆ ಹೇಳಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈಜಿಪ್ಟಿನ ದೊರೆ ಅಖೆನಾತೆನ್‌ನ ವಿಗ್ರಹದ ಚಿತ್ರ ನೀವು ನೋಡಿರಬಹುದು. ಉದ್ದ ಮುಖ, ಸಣಕಲು ತೋಳು, ಹೆಂಗಸರ ಹಾಗೆ ಅಗಲವಾದ ಸೊಂಟ. ಅಷ್ಟು ನೋಡಿಯೇ ಒಬ್ಬ ವೈದ್ಯರು ಮಾರ್ಫಾನ್ ಕಾಯಿಲೆ, ಅಂದರೆ ಕೈಕಾಲು ತೀರಾ ಉದ್ದ ಬೆಳೆಯುವ ಕಾಯಿಲೆ ಅಂದರು, ಇನ್ನೊಬ್ಬರು ಫ್ರೋಲಿಕ್, ಅಂದರೆ ಹಾರ್ಮೋನು ಏರುಪೇರಾಗಿ ಸೊಂಟದ ಸುತ್ತ ಕೊಬ್ಬು ತುಂಬುವ ಕಾಯಿಲೆ ಅಂದರು. ಫ್ರೋಲಿಕ್ ಇದ್ದವರಿಗೆ ಮಕ್ಕಳಾಗುವುದು ಕಷ್ಟ. ಈ ದೊರೆಗೆ ಆರು ಜನ ಹೆಣ್ಣುಮಕ್ಕಳು! ಆ ಕಾಲದ ಶಿಲ್ಪಿಗಳು ರಾಣಿ ನೆಫರ್ತಿತಿಯನ್ನೂ ಹಾಗೇ ಕೆತ್ತಿದ್ದಾರೆ. ಇಡೀ ಮನೆಗೇ ಒಂದೇ ಕಾಯಿಲೆ ಬಂದಿತ್ತೇ? ಅದು ಆಗಿನ ಕೆತ್ತನೆಯ ರೀತಿ, ಅಷ್ಟೇ. ಕಲ್ಲು ನೋಡಿ ಕಾಯಿಲೆ ಹೇಳಬೇಡಿ. ಮೂಳೆ ನೋಡಿ.

ಈಗ ಈಜಿಪ್ಟಿನ ಇನ್ನೊಬ್ಬ ದೊರೆ, ಎಳೆ ವಯಸ್ಸಿನ ತುತಾಂಖಾಮನ್ ಕಡೆ ಬನ್ನಿ. ವಿಗ್ರಹಗಳಲ್ಲಿ ಎಷ್ಟು ಚೆಂದದ ಹುಡುಗ ಅಲ್ವಾ? 1922ರಲ್ಲಿ ಬ್ರಿಟನ್ನಿನ ಪುರಾತತ್ವಜ್ಞ ಹೋವರ್ಡ್ ಕಾರ್ಟರ್ ಅವನ ಸಮಾಧಿ ಪತ್ತೆ ಮಾಡಿದರು. ಒಳಗಿನ ರಾಶಿ ರಾಶಿ ಸಾಮಾನಿನಲ್ಲಿ ಸುಮಾರು 130 ಕೋಲುಗಳು ಸಿಕ್ಕವು. ದೊರೆಗಳ ಕೈಯಲ್ಲಿ ಕೋಲು ಇರುವುದು ಗತ್ತಿಗೆ ಅಂತ ಎಲ್ಲರೂ ಸುಮ್ನೆ ಆದರು. ಆದರೆ ಕೆಲವು ಕೋಲುಗಳು ಬಳಸಿ ಸವೆದಿದ್ದವು. ಗತ್ತಿನ ಕೋಲು ಸವೆಯುತ್ತದೆಯೇ? ಅವುಗಳಲ್ಲಿ ಒಂದು ನನಗೆ ಬಹಳ ಇಷ್ಟ. ಬರೀ ಜೊಂಡಿನ ಕಡ್ಡಿ ಅದು, ನದಿಯ ಅಂಚಿನಲ್ಲಿ ಬೆಳೆಯುವಂಥದ್ದು. ಅದಕ್ಕೆ ಚಿನ್ನದ ಕಟ್ಟು ಹಾಕಿ, ದೊರೆ ತನ್ನ ಕೈಯಾರೆ ಕೊಯ್ದ ಜೊಂಡು ಎಂದು ಬರೆದಿದ್ದಾರೆ. ಚಿನ್ನದ ರಾಶಿಯ ನಡುವೆ ಆ ಕಡ್ಡಿಯನ್ನು ಜೋಪಾನವಾಗಿ ಇಟ್ಟಿದ್ದರು! ಆ ಹುಡುಗ ಬಗ್ಗಿ ಅದನ್ನು ಕೊಯ್ಯುತ್ತಿರುವುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಮೂಳೆ ಮಾತಾಡಿತು. 2005ರಲ್ಲಿ ಶವಕ್ಕೆ ಸಿಟಿ ಸ್ಕ್ಯಾನ್ ಮಾಡಿದರು. 2010ರಲ್ಲಿ ಈಜಿಪ್ಟಿನ ಪುರಾತತ್ವಜ್ಞ ಜಾಹಿ ಹವಾಸ್ ಮತ್ತು ಜೊತೆಗಾರರ ವರದಿ ಬಂತು. ಎಡಪಾದ ಒಳಕ್ಕೆ ತಿರುಚಿದೆ, ಎರಡನೇ ಬೆರಳಿನಲ್ಲಿ ಒಂದು ಮೂಳೆ ಇಲ್ಲ, ಪಾದದ ಎರಡು ಮೂಳೆಗಳು ರಕ್ತ ಸಿಗದೆ ಹಾಳಾಗಿವೆ ಎಂದಿತು ವರದಿ. ಹತ್ತೊಂಬತ್ತರ ಆಸುಪಾಸಿನಲ್ಲಿ ತೀರಿಕೊಂಡ ಹುಡುಗ! ಯಾವ ವಿಗ್ರಹ ಇದನ್ನು ಹೇಳಿತ್ತು, ಹೇಳಿ?

ಡಿಎನ್‌ಎ ವಿಷಯ ಬೇಗ ಹೇಳಿಬಿಡುತ್ತೇನೆ, ಸಮಯ ಕಡಿಮೆ ಇದೆ. ಅದೇ ವರದಿಯ ಪ್ರಕಾರ ಅವನ ಅಪ್ಪ ಅಮ್ಮ ಒಡಹುಟ್ಟಿದವರು. ಹಾಗಾದಾಗ ಇಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿಗೆ ಎರಡೂ ಕಡೆಯಿಂದ ಬರುವ ಸಂಭವ ಜಾಸ್ತಿ. ಮಲೇರಿಯಾ ರೋಗಾಣುವಿನ ಗುರುತೂ ಸಿಕ್ಕಿತು. ಅಪ್ಪನದೆಂದು ಗುರುತಿಸಿದ ಅಸ್ಥಿಪಂಜರವನ್ನು ಹೆಚ್ಚಿನವರು ಅಖೆನಾತೆನ್‌ನದೇ ಅನ್ನುತ್ತಾರೆ. ಅದರಲ್ಲಿ ಮಾರ್ಫಾನ್ ಗುರುತು ಕಾಣಲಿಲ್ಲ.

ಮಗನ ಸಮಾಧಿಯಲ್ಲಿ ಎರಡು ಪುಟ್ಟ ಶವಪೆಟ್ಟಿಗೆಗಳೂ ಇದ್ದವು. ಒಳಗೆ ಲೋಕ ನೋಡದೆ ಹೋದ ಎರಡು ಹೆಣ್ಣುಕೂಸುಗಳು. ಅವನ ಮಕ್ಕಳೇ ಇರಬೇಕು. ಅವುಗಳ ಮೂಳೆಯನ್ನೂ ಕೇಳುತ್ತಿದ್ದಾರೆ. ನಮಸ್ಕಾರ.