ಆಡಿದವರಿಗೂ ಮತವಿರಲಿ: ಬೈಚುಂಗ್ ಭುಟಿಯಾ ಮತ್ತು ನಮ್ಮ ಫುಟ್ಬಾಲ್ ಆಡಳಿತ

ಸ್ನೇಹಿತರೇ, ನಮಸ್ಕಾರ.

2022ರ ಸೆಪ್ಟೆಂಬರ್ 2ರಂದು ದೆಹಲಿಯಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಒಬ್ಬ ಅಭ್ಯರ್ಥಿಗೆ 33 ಮತ ಬಂತು. ಬೈಚುಂಗ್ ಭುಟಿಯಾಗೆ ಬಂದದ್ದು ಒಂದೇ ಮತ. ವರ್ಷಗಟ್ಟಲೆ ಭಾರತ ಫುಟ್ಬಾಲ್ ತಂಡದ ನಾಯಕನಾಗಿದ್ದವನಿಗೆ ಒಂದು ಮತ! ಆ ಸುದ್ದಿ ಓದಿದ ದಿನದಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಹಾಗಾಗಿ ಸಂಘಟಕರು ಕರೆದಾಗ ಬೇರೆ ಯಾವ ವಿಷಯವೂ ಬೇಡ, ಇದನ್ನೇ ಮಾತನಾಡುತ್ತೇನೆ ಎಂದೆ.

ಒಂದು ತಪ್ಪು ತಿಳಿವಳಿಕೆ ಮೊದಲೇ ದೂರವಾಗಲಿ. ಗೆದ್ದ ಕಲ್ಯಾಣ್ ಚೌಬೆಯವರೂ ಆಟಗಾರರೇ. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎರಡಕ್ಕೂ ಗೋಲ್ ಕಾಯ್ದವರು. ಹಾಗಾಗಿ ಆಟಗಾರ ಸೋತ, ರಾಜಕಾರಣಿ ಗೆದ್ದ ಎಂಬ ಸುಲಭದ ವಾದ ನನ್ನದಲ್ಲ. ಯಾರು ಗೆದ್ದರು ಎನ್ನುವುದಕ್ಕಿಂತ ಯಾರು ಮತ ಹಾಕಿದರು ಎಂಬುದು ನನ್ನ ತಕರಾರು.

ಬೈಚುಂಗ್ ಯಾರೆಂದು ಈ ಸಭೆಗೆ ಹೇಳಬೇಕಿಲ್ಲ. ಸಿಕ್ಕಿಂನ ತಿಂಕಿತಾಂ ಎಂಬ ಹಳ್ಳಿಯ ಹುಡುಗ 1993ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಈಸ್ಟ್ ಬೆಂಗಾಲ್ ಸೇರಿದ. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಬರಿಗಾಲಿನಲ್ಲಿ ಆಡಿ, ಐವರು ಮುಂಚೂಣಿ ಆಟಗಾರರ ‘ಪಂಚಪಾಂಡವ’ರಲ್ಲಿ ಒಬ್ಬರೆನಿಸಿಕೊಂಡ ಕ್ಲಬ್ ಅದು. ಮುಂದೆ ಅವನು ಸೇರಿದ ಪಂಜಾಬಿನ ಜೆಸಿಟಿ ಕ್ಲಬ್ ಮೊದಲ ರಾಷ್ಟ್ರೀಯ ಲೀಗ್ ಗೆದ್ದಾಗ ಅತಿ ಹೆಚ್ಚು ಗೋಲು ಹೊಡೆದವನು ಇವನೇ. ಆದರೆ 1997ರ ಜುಲೈ 13ರ ಕತೆ ಹೇಳದೆ ನಾನು ಮುಂದಕ್ಕೆ ಹೋಗಲಾರೆ. ಕೇಳಿದವರು ಇನ್ನೊಮ್ಮೆ ಕೇಳಿ.

ಫೆಡರೇಷನ್ ಕಪ್ ಸೆಮಿಫೈನಲ್. ಬೈಚುಂಗ್ ಆಗ ಮತ್ತೆ ಈಸ್ಟ್ ಬೆಂಗಾಲ್‌ಗೆ ಮರಳಿದ್ದ. ಮೋಹನ್ ಬಾಗಾನ್ ಕೋಚ್ ಅಮಲ್ ದತ್ತ, ಈಸ್ಟ್ ಬೆಂಗಾಲ್ ಕೋಚ್ ಪಿ.ಕೆ. ಬ್ಯಾನರ್ಜಿ. ದತ್ತ ಅವರ ‘ಡೈಮಂಡ್’ ವ್ಯೂಹದ ಹೆಸರು ಆಗ ಕೋಲ್ಕತ್ತದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಪಂದ್ಯಕ್ಕೆ ಮುನ್ನ ಅವರು ಎದುರಾಳಿಗಳನ್ನು ಕೆಣಕಲು ಹೊರಟರು. ಕೀನ್ಯಾದ ಸ್ಯಾಮಿ ಒಮೊಲ್ಲೊ ಅವರ ಬಾಯಲ್ಲಿ ‘ಆಮ್ಲೆಟ್’ ಆದ. ಬೈಚುಂಗ್ ‘ಚುಂಗ್ ಚುಂಗ್’ ಆದ. ಈಶಾನ್ಯದ ಹುಡುಗರ ಹೆಸರನ್ನು ಹೀಗೆ ತಿರುಚಿ ನಗುವುದು ಆಗಲೂ ಇತ್ತು, ಈಗಲೂ ಇದೆ. ಬೆಂಗಳೂರಿನ ನಾವು ಅದನ್ನು ಮರೆಯಬಾರದು. ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಅಂದು 1,31,000 ಜನ. ಇಪ್ಪತ್ತರ ಹುಡುಗ ಬಾಯಿ ತೆರೆದು ಒಂದು ಉತ್ತರವನ್ನೂ ಕೊಡಲಿಲ್ಲ. ಮೂರು ಗೋಲು ಹೊಡೆದ. ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು, ಡೈಮಂಡ್ ಪುಡಿಯಾಯಿತು. ಆ ಒಂದು ಲಕ್ಷ ಮೂವತ್ತೊಂದು ಸಾವಿರ ಜನರಲ್ಲಿ ಒಬ್ಬರಿಗಾದರೂ ಫೆಡರೇಷನ್ನಿನಲ್ಲಿ ಮತವಿತ್ತೇ? ಅದು ಹೋಗಲಿ. ಆ ದಿನ ಮೈದಾನದಲ್ಲಿ ಬೆವರು ಸುರಿಸಿದವರಿಗೆ, ಆಟಗಾರರೆಂಬ ಕಾರಣಕ್ಕೆ ಮತವಿತ್ತೇ?

1999ರಲ್ಲಿ ಇಂಗ್ಲೆಂಡಿನ ಬ್ಯೂರಿ ಕ್ಲಬ್ಬಿಗೆ ಹೋದ, ಆಮೇಲೆ ಮಲೇಷ್ಯಾದಲ್ಲೂ ಆಡಿದ. 2008ರಲ್ಲಿ ಏಷ್ಯಾ ಫುಟ್ಬಾಲ್ ಒಕ್ಕೂಟದ (ಎಎಫ್‌ಸಿ) ಚಾಲೆಂಜ್ ಕಪ್ ಗೆಲುವು ಭಾರತವನ್ನು 2011ರ ಏಷ್ಯಾ ಕಪ್ಪಿಗೆ ಕರೆದೊಯ್ದಿತು. ಅವನ ಸ್ವಭಾವ ತಿಳಿಯಬೇಕಾದರೆ ಅದೇ 2008ರ ಇನ್ನೊಂದು ಘಟನೆಯನ್ನು ನೋಡಬೇಕು. ಬೀಜಿಂಗ್ ಒಲಿಂಪಿಕ್ ಜ್ಯೋತಿ ದೆಹಲಿಗೆ ಬಂದಾಗ, ಟಿಬೆಟ್ ಜನರಿಗೆ ಬೆಂಬಲವಾಗಿ, ತಾನು ಅದನ್ನು ಹಿಡಿದು ಓಡುವುದಿಲ್ಲ ಎಂದುಬಿಟ್ಟ. ಹಾಗೆ ಹೇಳುವುದರಿಂದ ಅವನಿಗೆ ಯಾವ ಲಾಭವೂ ಇರಲಿಲ್ಲ. ಇಂಥವನು ಆಡಳಿತಕ್ಕೆ ಬೇಕು ಎಂದು ನಾನು ಹೇಳುವುದು ಇದಕ್ಕೇ.

ಬೂಟು ಬಿಚ್ಚುವ ಮೊದಲೇ ಅವನು ಕಟ್ಟುವ ಕೆಲಸ ಶುರುಮಾಡಿದ್ದ. 2006ರಲ್ಲಿ ಆಟಗಾರರ ಸಂಘ, 2010ರಲ್ಲಿ ತನ್ನ ಹೆಸರಿನ ಫುಟ್ಬಾಲ್ ಶಾಲೆಗಳು, 2011ರಲ್ಲಿ ಯುನೈಟೆಡ್ ಸಿಕ್ಕಿಂ ಕ್ಲಬ್. ಇವುಗಳಲ್ಲಿ ಬೆಳೆದು ನಿಂತದ್ದು ಶಾಲೆಗಳು. ಕ್ಲಬ್ 2012ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ಗೆ ಏರಿತು, ಮರುವರ್ಷವೇ ಕೆಳಗಿಳಿಯಿತು. ಗುಡ್ಡಗಾಡಿನಲ್ಲಿ ವೃತ್ತಿಪರ ತಂಡ ನಡೆಸುವುದೆಂದರೆ ಪ್ರಯಾಣ, ವಸತಿ, ಸಂಬಳ ಎಂದು ತಿಂಗಳು ತಿಂಗಳೂ ಹಣ ಹರಿಯಬೇಕು; ತಾರೆಯ ಹೆಸರು ಅದನ್ನು ತುಂಬಿಕೊಡುವುದಿಲ್ಲ. ರಾಜಕೀಯಕ್ಕೂ ಇಳಿದ: 2014ರಲ್ಲಿ ಡಾರ್ಜಿಲಿಂಗ್, 2016ರಲ್ಲಿ ಸಿಲಿಗುರಿ, ಎರಡೂ ಕಡೆ ಸೋಲು. ಅವನು ಎಲ್ಲದರಲ್ಲೂ ನಿಪುಣ ಎಂದು ನಾನು ಹೇಳುವುದಿಲ್ಲ. ಆದರೆ ಸಂಬಳ ಪಡೆಯುವ ಆಟಗಾರನ ಕಷ್ಟವನ್ನೂ ಸಂಬಳ ಕೊಡುವ ಮಾಲೀಕನ ಕಷ್ಟವನ್ನೂ ಉಂಡವರು ನಮ್ಮ ಆಡಳಿತ ಮಂಡಳಿಗಳಲ್ಲಿ ಎಷ್ಟು ಮಂದಿ ಇದ್ದಾರೆ?

ಈಗ ಮತದ ಮಾತಿಗೆ ಬರುತ್ತೇನೆ. 2022ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಆಡಳಿತ ಸಮಿತಿ, ರಾಜ್ಯ ಸಂಸ್ಥೆಗಳ ಜೊತೆಗೆ 36 ಮಾಜಿ ಆಟಗಾರರಿಗೂ ಮತಾಧಿಕಾರ ಕೊಡಲು ಹೊರಟಿತ್ತು. 24 ಪುರುಷರು, 12 ಮಹಿಳೆಯರು. ಫಿಫಾ ಒಪ್ಪಲಿಲ್ಲ. ಆಗಸ್ಟ್ ಮಧ್ಯದಲ್ಲಿ, ಹೊರಗಿನವರ ಹಸ್ತಕ್ಷೇಪವಾಗಿದೆ ಎಂದು ಭಾರತವನ್ನೇ ಅಮಾನತು ಮಾಡಿತು. ಕೊನೆಗೆ ಆ 36 ಮತಗಳು ಹೋದವು, ಆಗಸ್ಟ್ 26ರಂದು ಅಮಾನತು ತೆರವಾಯಿತು, ರಾಜ್ಯ ಸಂಸ್ಥೆಗಳಷ್ಟೇ ಮತ ಹಾಕಿದವು. ಆ ಚುನಾವಣೆಯಲ್ಲೇ ನಮ್ಮ ರಾಜ್ಯ ಸಂಸ್ಥೆಯ ಅಧ್ಯಕ್ಷರಾದ ಎನ್.ಎ. ಹ್ಯಾರಿಸ್ 29–5ರಿಂದ ಉಪಾಧ್ಯಕ್ಷರಾದರು. ಆ 36 ಮಂದಿಯೂ ಮತ ಹಾಕಿದ್ದರೆ ಬೈಚುಂಗ್ ಗೆಲ್ಲುತ್ತಿದ್ದನೋ ಇಲ್ಲವೋ, ನಾನು ಪಣ ಕಟ್ಟುವುದಿಲ್ಲ. ಆದರೆ ಅಭ್ಯರ್ಥಿಗಳು ಆಟಗಾರರ ಮನೆ ಬಾಗಿಲಿಗೂ ಹೋಗಿ, ನಿಮ್ಮ ಪಿಂಚಣಿಗೆ ಇದು ಮಾಡುತ್ತೇವೆ, ಮಹಿಳಾ ಲೀಗ್‌ಗೆ ಇದು ಮಾಡುತ್ತೇವೆ ಎಂದು ಮಾತು ಕೊಡಬೇಕಾಗುತ್ತಿತ್ತು. ಮತವಿದ್ದವರ ಬಾಗಿಲನ್ನೇ ಅಲ್ಲವೇ ಯಾರಾದರೂ ತಟ್ಟುವುದು?

ಸಮಯ ಮುಗಿಯಿತೆಂದು ಚೀಟಿ ಬಂದಿದೆ. ಪೆಲೆ ಬ್ರೆಜಿಲ್‌ನಲ್ಲಿ ಕ್ರೀಡಾ ಸಚಿವರಾಗಿ ಆಟಗಾರರ ಪರ ತಂದ ಕಾನೂನಿನ ಬಗ್ಗೆ ಬರೆದುಕೊಂಡು ಬಂದಿದ್ದೆ, ಅದನ್ನು ಬಿಡುತ್ತೇನೆ. ಎರಡೇ ಮಾತು. ಸೋತ ಮೇಲೂ ಬೈಚುಂಗ್ ಕಾರ್ಯಕಾರಿ ಸಮಿತಿಯೊಳಗೆ ಬಂದ. 2024ರ ಜುಲೈಯಲ್ಲಿ, ರಾಷ್ಟ್ರೀಯ ತಂಡದ ಕೋಚ್ ಆಯ್ಕೆಯಲ್ಲಿ ತಾನಿದ್ದ ತಾಂತ್ರಿಕ ಸಮಿತಿಯನ್ನು ಕೇಳಲೇ ಇಲ್ಲ ಎಂದು ಆ ತಾಂತ್ರಿಕ ಸಮಿತಿಗೆ ರಾಜೀನಾಮೆ ಕೊಟ್ಟ. ಕುರ್ಚಿ ಕೊಟ್ಟು ಮಾತು ಕೇಳದಿದ್ದರೆ ಆಗುವುದು ಇದೇ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಫೆಡರೇಷನ್ನಿನ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ದೆಹಲಿಯ ನಿಯಮ ಜಿಲ್ಲೆಗೆ ತಾನಾಗಿ ಇಳಿದು ಬರುವುದಿಲ್ಲ.

ಈ ಸಭೆಯಲ್ಲಿ ಕ್ಲಬ್ ನಡೆಸುವವರಿದ್ದೀರಿ, ಜಿಲ್ಲಾ ಸಂಸ್ಥೆಗಳ ಪದಾಧಿಕಾರಿಗಳೂ ಇದ್ದೀರಿ. ಮುಂದಿನ ವಾರ್ಷಿಕ ಸಭೆಯಲ್ಲಿ, ರಾಜ್ಯಕ್ಕೆ ಆಡಿದ ಪುರುಷರಿಗೂ ಮಹಿಳೆಯರಿಗೂ ಮತಾಧಿಕಾರ ಕೊಡುವ ನಿರ್ಣಯವನ್ನು ನೀವೇ ಮಂಡಿಸಿ. ಕನ್ನಡದಲ್ಲಿ ಕರಡು ಬರೆದು ತಂದಿದ್ದೇನೆ, ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ತಿದ್ದುಪಡಿ ಇದ್ದರೆ ಇವತ್ತೇ ಹೇಳಿ, ನಾನು ಇಲ್ಲೇ ಇರುತ್ತೇನೆ.