ತಿಂಗಳಿಗೆ ಹತ್ತು ಹೊಸ ಗ್ರಾಹಕರು ಬಂದ್ರೂ ನಿಮ್ಮ ಸಾಸ್ (SaaS) ಕಂಪನಿ, ಅಂದ್ರೆ ತಿಂಗಳ ಬಾಡಿಗೆಗೆ ಸಾಫ್ಟ್‌ವೇರ್ ಕೊಡೋ ಕಂಪನಿ, ಯಾಕೆ ಬೆಳೆಯಲ್ಲ?

[ಪರದೆ ಮೇಲೆ: ಮೇ 2010]

ನಮಸ್ಕಾರ. 2010ರ ಮೇ ತಿಂಗಳಲ್ಲಿ ಝೆನ್‌ಡೆಸ್ಕ್ ಅನ್ನೋ ಕಂಪನಿ ತನ್ನ ದರ ಏರಿಸ್ತು. ಗ್ರಾಹಕರಿಂದ ಬರೋ ದೂರುಗಳನ್ನ ಒಂದೇ ಕಡೆ ನೋಡಿ ಉತ್ತರ ಕೊಡೋಕೆ ಕಂಪನಿಗಳು ಬಳಸೋ ಸಾಫ್ಟ್‌ವೇರ್ ಅದು. ತಿಂಗಳು ತಿಂಗಳು ದುಡ್ಡು ಕಟ್ತಿದ್ದವರಿಗೆ ಸಿಟ್ಟು ಬಂತು. ಗಲಾಟೆ ಎಷ್ಟು ಜೋರಾಯ್ತು ಅಂದ್ರೆ, ಕಂಪನಿಯವರೇ ಕ್ಷಮೆ ಕೇಳಿ, ಹಳೇ ಗ್ರಾಹಕರಿಗೆ ಹಳೇ ದರವೇ ಇರ್ಲಿ ಅಂದ್ರು.

ಆ ಗಲಾಟೆ ಬಗ್ಗೆ ಪ್ರೋಗ್ರಾಮರ್‌ಗಳು ಚರ್ಚೆ ಮಾಡೋ ವೆಬ್‌ಸೈಟ್ ಹ್ಯಾಕರ್ ನ್ಯೂಸ್‌ನಲ್ಲಿ ನಡೀತಿದ್ದ ಚರ್ಚೆಯನ್ನ ಓದಿದವರಲ್ಲಿ ಗಿರೀಶ್ ಮಾತೃಭೂತಂ ಒಬ್ರು. ಚೆನ್ನೈನ ಜೋಹೋ ಕಂಪನಿಯಲ್ಲಿದ್ರು, ಇಂಥದ್ದೇ ಸಾಫ್ಟ್‌ವೇರ್ ಬಗ್ಗೆ ವರ್ಷಗಳ ಅನುಭವ ಇತ್ತು. ಅದೇ ವರ್ಷ ಕೆಲಸ ಬಿಟ್ಟು, ಷಣ್ ಕೃಷ್ಣಸಾಮಿ ಜೊತೆ ಫ್ರೆಶ್‌ಡೆಸ್ಕ್ ಶುರು ಮಾಡಿದ್ರು. 2011ರ ಜೂನ್‌ನಲ್ಲಿ ಸಾಫ್ಟ್‌ವೇರ್ ಹೊರಗೆ ಬಂತು. ಮೊದಲ ಗ್ರಾಹಕರು ಯಾರು ಗೊತ್ತಾ? ಆಸ್ಟ್ರೇಲಿಯಾದ ಆಟ್‌ವೆಲ್ ಕಾಲೇಜು. ಚೆನ್ನೈನ ಪುಟ್ಟ ಆಫೀಸಿಂದ ಅಲ್ಲಿಗೆ ಮಾರಿದ್ರು, ಇಂಟರ್‌ನೆಟ್ ಮೂಲಕವೇ. ಹತ್ತು ವರ್ಷ ಆದ್ಮೇಲೆ, 2021ರ ಸೆಪ್ಟೆಂಬರ್‌ನಲ್ಲಿ, ಅದೇ ಕಂಪನಿ ಫ್ರೆಶ್‌ವರ್ಕ್ಸ್ ಅನ್ನೋ ಹೆಸರಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್‌ನಲ್ಲಿ 100 ಕೋಟಿ ಡಾಲರ್‌ಗೂ ಹೆಚ್ಚು ಬಂಡವಾಳ ಎತ್ತಿತು.

ಈ ಕಥೆ ಹೇಳೋರೆಲ್ಲ ನಾಸ್ಡಾಕ್ ಹತ್ರ ನಿಂತ್ಕೋತಾರೆ. ನನಗೆ ಮುಖ್ಯ ಅನ್ಸೋದು ಅದರ ಶುರು. ದುಡ್ಡು ಕಟ್ಟಿ ಬಳಸ್ತಿದ್ದ ಜನ "ಇನ್ನು ಸಾಕು, ಬಿಡ್ತೀವಿ" ಅಂದ್ರಲ್ಲ, ಸಾಸ್ ವ್ಯಾಪಾರದ ಗುಟ್ಟೆಲ್ಲ ಅಲ್ಲಿದೆ.

ಸಾಸ್ ಅಂದ್ರೆ ಮನೆಗೆ ವರ್ತನೆ ಹಾಲು ಹಾಕಿಸಿಕೊಂಡ ಹಾಗೆ. ಹಸು ಕೊಳ್ಳೋದು ಬೇಡ, ಸಾಕೋದೂ ಬೇಡ, ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಿದ್ರೆ ಆಯ್ತು. ಹಾಲು ನೀರಾದ್ರೆ ಮುಂದಿನ ತಿಂಗಳು ಬೇರೆಯವರ ಹತ್ರ ವರ್ತನೆ. ಸಾಫ್ಟ್‌ವೇರ್ ನಿಮ್ಮ ಸರ್ವರ್‌ನಲ್ಲಿರುತ್ತೆ, ಗ್ರಾಹಕರು ಬ್ರೌಸರ್‌ನಲ್ಲಿ ತೆರೆದು ಬಳಸ್ತಾರೆ.

[ಪರದೆ ಮೇಲೆ: 10 ÷ 0.05 = 200]

ಈಗ ಪೆನ್ನು, ಪೇಪರ್ ತಗೊಳ್ಳಿ. ನೀವು ತಿಂಗಳಿಗೆ 1,000 ರೂಪಾಯಿ ಇಟ್ಟಿದ್ದೀರಿ. ಪ್ರತಿ ತಿಂಗಳು ಕಷ್ಟಪಟ್ಟು 10 ಹೊಸ ಗ್ರಾಹಕರನ್ನ ತರ್ತೀರಿ. ಇದ್ದವರಲ್ಲಿ ತಿಂಗಳಿಗೆ ನೂರಕ್ಕೆ 5 ಜನ ಬಿಟ್ಟು ಹೋಗ್ತಾರೆ. ಬರೀ ಐದೇ ಅಲ್ವಾ ಅನ್ಸುತ್ತೆ. ಆದ್ರೆ ಇವತ್ತಿರೋ 100 ಜನರಲ್ಲಿ ವರ್ಷದ ಕೊನೆಗೆ ಉಳಿಯೋರು ಸುಮಾರು 54 ಜನ ಮಾತ್ರ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಮ್ಮ ಹತ್ರ 200 ಗ್ರಾಹಕರು ಆದ ದಿನ, ಅವರ ನೂರಕ್ಕೆ 5 ಅಂದ್ರೆ 10. ಬರೋರು ಹತ್ತು, ಹೋಗೋರು ಹತ್ತು. ಅಲ್ಲಿಗೆ ಬೆಳವಣಿಗೆ ನಿಂತೋಯ್ತು. ಐದು ವರ್ಷ ಹಾಗೇ ದುಡಿದ್ರೂ 200 ದಾಟಲ್ಲ, ತಿಂಗಳ ಆದಾಯ 2 ಲಕ್ಷ ದಾಟಲ್ಲ. ಬಿಟ್ಟು ಹೋಗೋರನ್ನ ನೂರಕ್ಕೆ 2ಕ್ಕೆ ಇಳಿಸಿ ನೋಡಿ. ಅದೇ ಹತ್ತು ಹೊಸ ಗ್ರಾಹಕರು, ಅಷ್ಟೇ ಓಡಾಟ, ಆದ್ರೆ ಮಿತಿ 500ಕ್ಕೆ ಹೋಗುತ್ತೆ. ಜಾಹೀರಾತಿಗೆ ಒಂದು ರೂಪಾಯಿ ಹೆಚ್ಚು ಸುರೀದೇನೇ ಎರಡೂವರೆ ಪಟ್ಟು.

ಅದಕ್ಕೇ ನಾನು ಹೇಳೋದು, ಮೊದಲ ವರ್ಷ ಜಾಹೀರಾತಿಗೆ ಕೈ ಹಾಕಬೇಡಿ. ಯಾರು ಬಿಡ್ತಿದ್ದಾರೆ, ಯಾಕೆ ಬಿಡ್ತಿದ್ದಾರೆ ಅನ್ನೋದರ ಹಿಂದೆ ಬೀಳಿ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ದಾವಣಗೆರೆಯಲ್ಲೊಂದು ರಕ್ತಪರೀಕ್ಷೆ ಲ್ಯಾಬ್. ಬೆಳಗ್ಗೆ ಏಳೂವರೆಗೆ ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು. ಕೌಂಟರ್‌ನಲ್ಲಿರೋ ಹುಡುಗಿ ಹೆಸರು, ವಯಸ್ಸು ರಿಜಿಸ್ಟರ್‌ನಲ್ಲಿ ಬರೀತಾಳೆ, ಅದೇ ನಂಬರ್ ಟ್ಯೂಬ್ ಮೇಲೆ ಅಂಟಿಸ್ತಾಳೆ. ಮಧ್ಯಾಹ್ನ ಟೆಕ್ನಿಷಿಯನ್ ಮಷೀನ್‌ನಲ್ಲಿ ಬಂದ ಅಂಕಿಗಳನ್ನ ನೋಡ್ಕೊಂಡು ಹಳೇ ವರ್ಡ್ ಫೈಲ್‌ನಲ್ಲಿ ಟೈಪ್ ಮಾಡ್ತಾರೆ. ನಿನ್ನೆ ಬಂದವರ ಹೆಸರು ಅಳಿಸಿ ಇವತ್ತಿನವರ ಹೆಸರು ಹಾಕ್ತಾರೆ. ಒಮ್ಮೊಮ್ಮೆ ಅಳಿಸೋದು ಮರೆತುಹೋಗುತ್ತೆ. ನಡುವೆ ಫೋನು: "ಮೇಡಂ, ರಿಪೋರ್ಟ್ ವಾಟ್ಸ್ಆ್ಯಪ್ ಮಾಡ್ತೀರಾ?"

ನಿಮ್ಮ ಸಾಫ್ಟ್‌ವೇರ್ ಈ ಟೈಪಿಂಗ್ ತಪ್ಪಿಸಿದ್ರೆ ಆ ಲ್ಯಾಬ್ ನಿಮ್ಮನ್ನ ಬಿಡಲ್ಲ. ಮಾಲೀಕರಿಗೆ ಬಣ್ಣಬಣ್ಣದ ಚಾರ್ಟ್ ಮಾತ್ರ ತೋರಿಸಿದ್ರೆ ಮೂರೇ ತಿಂಗಳಲ್ಲಿ ಬಿಡ್ತಾರೆ, ಯಾಕಂದ್ರೆ ದಿನಾ ಅದನ್ನ ತೆರೆಯೋರು ಮಾಲೀಕರಲ್ಲ, ಕೌಂಟರ್‌ನಲ್ಲಿರೋ ಹುಡುಗಿ. ಆಕೆ ಮೊದಲ ವಾರ ಏನು ಮಾಡ್ತಾಳೆ ಅಂತ ಪಕ್ಕದಲ್ಲೇ ಕೂತು ನೋಡಿ. ಡಾಕ್ಟರ್‌ಗಳ ಹಳೇ ಪಟ್ಟಿ, ಟೆಸ್ಟ್‌ಗಳ ದರಪಟ್ಟಿ ಎಲ್ಲ ನೀವೇ ತುಂಬಿಸಿ ಕೊಡಿ. ಎರಡು ವಾರ ಲಾಗಿನ್ ಆಗದ ಗ್ರಾಹಕರು ಮನಸ್ಸಲ್ಲಿ ಆಗ್ಲೇ ಬಿಟ್ಟಾಗಿದೆ ಅಂತ ತಿಳ್ಕೊಂಡು, ಅವತ್ತೇ ಫೋನ್ ಮಾಡಿ.

ಇಲ್ಲೊಂದು ಬಲೆ ಇದೆ. ಲ್ಯಾಬ್‌ನವರು ಹೇಳ್ತಾರೆ: "ನಮಗೆ ಮಾತ್ರ ಈ ಥರ ಒಂದು ಬಿಲ್ ಬೇಕು, ಎಕ್ಸ್‌ಟ್ರಾ ದುಡ್ಡು ಕೊಡ್ತೀವಿ." ಕೈಗೆ ದುಡ್ಡು ಬರುತ್ತೆ, ಒಪ್ಕೋತೀರಿ. ಇನ್ನೊಬ್ರು ಇನ್ನೊಂದು ಕೇಳ್ತಾರೆ. ವರ್ಷ ಕಳೆಯೋದ್ರೊಳಗೆ ಇಪ್ಪತ್ತು ಗ್ರಾಹಕರಿಗೆ ಇಪ್ಪತ್ತು ಥರದ ಸಾಫ್ಟ್‌ವೇರ್, ಒಂದನ್ನ ಸರಿ ಮಾಡಿದ್ರೆ ಇನ್ನೊಂದು ಕೆಡುತ್ತೆ. ಒಂದೇ ಕೋಡ್ ಎಲ್ಲರಿಗೂ ಅನ್ನೋದನ್ನ ಬಿಟ್ರೆ ಅದು ಸಾಸ್ ಅಲ್ಲ, ಗುತ್ತಿಗೆ ಕೆಲಸ. ಒಳ್ಳೆ ಪ್ರೋಗ್ರಾಮರ್‌ಗಳು ಇದರಲ್ಲಿ ಸಿಕ್ಕಿಕೊಂಡು ಸುಸ್ತಾಗೋದು ನೋಡಿದ್ರೆ ಬೇಜಾರಾಗುತ್ತೆ. ಐದು ಜನ ಒಂದನ್ನೇ ಕೇಳಿದಾಗ ಎಲ್ಲರಿಗೂ ಅಂತ ಕಟ್ಟಿ, ಇಲ್ಲಾಂದ್ರೆ ನಯವಾಗಿ ಆಗಲ್ಲ ಅನ್ನಿ.

[ಪರದೆ ಮೇಲೆ: ₹1,000 → ₹847]

ಇನ್ನು ದರ. ನಮ್ಮ ದೇಶದೊಳಗೆ ಮಾರಿದ್ರೆ 18% ಜಿಎಸ್‌ಟಿ. ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ನೋಂದಣಿ ಕಡ್ಡಾಯ. "ಎಲ್ಲ ಸೇರಿ 1,000" ಅಂತ ಹೇಳಿಬಿಟ್ಟಿದ್ರೆ, ಆವತ್ತಿಂದ ನಿಮಗೆ ಸಿಗೋದು 847 ರೂಪಾಯಿ. ಜಿಎಸ್‌ಟಿ ನೋಂದಣಿ ಇರೋ ಅಂಗಡಿ, ಫ್ಯಾಕ್ಟರಿಯವರು ನಿಮ್ಮ ಬಿಲ್‌ಗೆ ಕಟ್ಟಿದ ತೆರಿಗೆಯನ್ನ, ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾಡ್ಕೋತಾರೆ, ಅದಕ್ಕೆ ಇನ್‌ಪುಟ್ ಕ್ರೆಡಿಟ್ ಅಂತಾರೆ. ಲ್ಯಾಬ್‌ನವರಿಗೆ ಅದು ಆಗಲ್ಲ, ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರೋದ್ರಿಂದ ಕ್ರೆಡಿಟ್ ಇಲ್ಲ. ಅವರಿಗೆ ಆ 18% ಪೂರ್ತಿ ಖರ್ಚು. ದರ ಹೇಳೋ ಮುಂಚೆ ಇದು ತಲೆಯಲ್ಲಿರ್ಲಿ.

ಬೇಡ ಅನ್ನದೇನೇ ಬಿಟ್ಟು ಹೋಗೋರೂ ಇದ್ದಾರೆ. 2021ರ ಅಕ್ಟೋಬರ್ 1ರಿಂದ ಆರ್‌ಬಿಐ ನಿಯಮ ಬದಲಾಯ್ತು. ಕಾರ್ಡ್‌ನಿಂದ ತಾನಾಗೇ ದುಡ್ಡು ಕಡಿತ ಆಗೋ ಮುಂಚೆ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು, 5,000 ರೂಪಾಯಿ ಮೀರಿದ್ರೆ ಪ್ರತಿ ಸಲ ಅವರೇ ಒಪ್ಪಿಗೆ ಕೊಡಬೇಕು. 2022ರ ಜೂನ್‌ನಲ್ಲಿ ಆ ಮಿತಿಯನ್ನ 15,000ಕ್ಕೆ ಏರಿಸಿದ್ರು. ಕಾರ್ಡ್ ಅವಧಿ ಮುಗಿದಿರುತ್ತೆ, ಪಾವತಿ ಫೇಲ್ ಆಗಿರುತ್ತೆ, ಗ್ರಾಹಕರಿಗೆ ಗೊತ್ತೇ ಇರಲ್ಲ. ಆದ್ದರಿಂದ ಕಾರ್ಡ್ ಬದಲು ಬ್ಯಾಂಕ್ ಖಾತೆಯಿಂದ ತಾನಾಗೇ ದುಡ್ಡು ಕಟ್ಟೋ ಯುಪಿಐ ಆಟೋಪೇ ಇಡಿ. ಜೊತೆಗೆ ವರ್ಷಕ್ಕೆ 10,000 ಅನ್ನೋ ಪ್ಲಾನ್ ಕೊಡಿ. ಎರಡು ತಿಂಗಳು ಬಿಟ್ಟಹಾಗೆ ಕಂಡ್ರೂ, ವರ್ಷದ ದುಡ್ಡು ಮೊದಲೇ ಕೈಗೆ ಬರುತ್ತೆ, ಹನ್ನೆರಡು ಸಲ ಪಾವತಿ ಫೇಲ್ ಆಗೋ ಭಯ ಒಂದು ಸಲಕ್ಕೆ ಇಳಿಯುತ್ತೆ.

ಹೂಡಿಕೆದಾರರ ದುಡ್ಡು ಬೇಕಾ? ಫ್ರೆಶ್‌ವರ್ಕ್ಸ್ ತಗೊಂಡ್ತು. ಜೋಹೋ ತಗೊಳ್ಳಲಿಲ್ಲ. 1996ರಲ್ಲಿ ಅಡ್ವೆಂಟ್‌ನೆಟ್ ಅನ್ನೋ ಹೆಸರಲ್ಲಿ ಶುರುವಾಗಿ, 2001ರ ಟೆಕ್ ಕುಸಿತದಲ್ಲಿ ಟೆಲಿಕಾಂ ಗ್ರಾಹಕರು ಕೈಬಿಟ್ಟಾಗಲೂ ಸ್ವಂತ ಲಾಭದಲ್ಲೇ ನಿಂತು, 2005ರಲ್ಲಿ ಬ್ರೌಸರ್‌ನಲ್ಲೇ ಬರೆಯೋಕೆ ಜೋಹೋ ರೈಟರ್ ಅನ್ನೋ ಸಾಫ್ಟ್‌ವೇರ್ ತಂತು. ಎರಡು ದಾರಿಯೂ ನಡೆದಿವೆ. ನನ್ನ ಅಭಿಪ್ರಾಯ ಕೇಳಿದ್ರೆ, ತಿಂಗಳಿಗೆ ನೂರಕ್ಕೆ 5 ಜನ ಬಿಡ್ತಿರೋವಾಗ ಹೂಡಿಕೆ ತಗೊಂಡ್ರೆ ಆ ದುಡ್ಡು ಹೋದವರ ಜಾಗ ತುಂಬೋಕೆ ಖರ್ಚಾಗುತ್ತೆ. ಮೊದಲು ಅದನ್ನ 2ಕ್ಕೆ ತನ್ನಿ, ಆಮೇಲೆ ಹೂಡಿಕೆದಾರರ ಹತ್ರ ಕೂತ್ಕೊಳ್ಳಿ.

ಕೊನೆಗೆ, "ಕೆಲಸ ಯಾವಾಗ ಬಿಡ್ಲಿ?" ಅಂತ ಕೇಳೋರಿಗೆ. ನೆಂಟರು, ಗೆಳೆಯರನ್ನ ಬಿಟ್ಟು ಪರಿಚಯವೇ ಇಲ್ಲದ ಹತ್ತು ಗ್ರಾಹಕರು ಪೂರ್ತಿ ದರ ಕೊಟ್ಟು, ಒಂದು ವರ್ಷ ಬಳಸಿ, ಎರಡನೇ ವರ್ಷಕ್ಕೂ ದುಡ್ಡು ಕಟ್ಟಿದಾಗ ಬಿಡಿ. ಅಲ್ಲಿವರೆಗೂ ಸಂಜೆ ಮತ್ತು ಭಾನುವಾರ ಕೆಲಸ ಮಾಡಿ. ಮುಂದಿನ ವಿಡಿಯೋದಲ್ಲಿ ವಿದೇಶಿ ಗ್ರಾಹಕರಿಗೆ ಬಿಲ್ ಹಾಕೋದು ಹೇಗೆ, ರಫ್ತಿಗೆ ಜಿಎಸ್‌ಟಿ ಕಟ್ಟದೇ ಇರೋಕೆ ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಯಾವಾಗ ಸಲ್ಲಿಸಬೇಕು ಅಂತ ನೋಡೋಣ.